ತರುಣ ವೈಮಾನಿಕರೂ ಕಂಪನಿಗಳ ಕರಾರೂ

ಪೊನ್ನಂಪೇಟೆ, ಗೋಣಿಕೊಪ್ಪ, ವಿರಾಜಪೇಟೆಗಳ ಕಡೆಯ ಮನೆಗಳಲ್ಲಿ ಮಕ್ಕಳು ಯಾವ ವೃತ್ತಿಯನ್ನು ಹಿಡಿಯಬೇಕೆಂಬ ವಿಚಾರ ಬಂದಾಗ ಹಿಂದೆ ಹೆಚ್ಚು ಚರ್ಚೆಗೆ ಆಸ್ಪದವಿರುತ್ತಿರಲಿಲ್ಲ. ಒಬ್ಬನು ಸೈನ್ಯಕ್ಕೆ, ಒಬ್ಬನು ತೋಟಕ್ಕೆ, ಓದಿನಲ್ಲಿ ಮುಂದಾದವನು ಬೆಂಗಳೂರಿಗೆ. ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ನಾಗರಿಕ ವಿಮಾನಗಳ ಚಾಲಕವೃತ್ತಿಯೂ ಈ ಪಟ್ಟಿಗೆ ಸೇರಿಕೊಳ್ಳತೊಡಗಿದೆ. ರೈಲುಮಾರ್ಗವಿಲ್ಲದ, ಸ್ವಂತ ವಿಮಾನನಿಲ್ದಾಣವೂ ಇಲ್ಲದ ಜಿಲ್ಲೆಯೊಂದಕ್ಕೆ ಈ ಹಂಬಲವು ವಿಚಿತ್ರವಾಗಿ ತೋರಬಹುದು. ಆದರೆ ೨೦೧೮ನೆಯ ಡಿಸೆಂಬರ್ ೯ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನನಿಲ್ದಾಣವು ತೆರೆದ ಮೇಲೆ ಮಾಕುಟ್ಟದ ಘಟ್ಟವನ್ನಿಳಿದರೆ ವಿಮಾನವು ಕಣ್ಣಿಗೆ ಬೀಳುತ್ತದೆ. ೨೦೨೪ ಮತ್ತು ೨೦೨೫ರಲ್ಲಿ ರೊಬಸ್ಟ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂದುದರಿಂದ ದಕ್ಷಿಣ ಕೊಡಗಿನ ಬೆಳೆಗಾರನ ಕೈಯಲ್ಲಿ ಕೊಂಚ ಹಣವೂ ಆಡಿತು. ವಿಮಾನವಿದ್ಯೆಯನ್ನು ಮಾರುವವರು ಇದನ್ನು ಗಮನಿಸದೆ ಇರಲಿಲ್ಲ.

ವಿದ್ಯೆಯನ್ನು ಸಂಪಾದಿಸುವುದು ಹೇಗೆಂಬ ಬಗೆಗೆ ಸಲಹೆಗಾರರು ಬೇಕಾದಷ್ಟು ಮಂದಿ ಇದ್ದಾರೆ. ವಿದ್ಯೆ ಮುಗಿದು, ಲೈಸೆನ್ಸು ಕೈಗೆ ಬಂದು, ಎರಡು ಕಂಪನಿಗಳಿಂದ ಎರಡು ನೇಮಕಪತ್ರಗಳು ಒಟ್ಟಿಗೆ ಬಂದಾಗ ಯಾವುದಕ್ಕೆ ಸಹಿ ಹಾಕಬೇಕೆಂದು ಹೇಳುವವರು ಮಾತ್ರ ವಿರಳ. ಅದನ್ನು ಮನೆಯ ಮಾತೆಂದು ಬಿಟ್ಟುಬಿಡುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಮನೆಯ ಮಾತಲ್ಲ, ಸಾರ್ವಜನಿಕ ವಿಚಾರ. ಏಕೆಂದರೆ ತರುಣನು ತಾನೇ ಮಾಡಿದೆನೆಂದು ತಿಳಿಯುವ ಈ ಆಯ್ಕೆಯಲ್ಲಿ ಬಹುಪಾಲನ್ನು ಅವನಿಗಿಂತ ಮೊದಲೇ ಇತರರು ಮಾಡಿ ಮುಗಿಸಿರುತ್ತಾರೆ. ದೇಶದಲ್ಲಿ ಎಷ್ಟು ಕಂಪನಿಗಳು ಉಳಿದಿವೆ, ಒಮ್ಮೆ ಸೇರಿದವನು ಬಿಡಬೇಕಾದರೆ ಎಷ್ಟು ತಿಂಗಳು ಕಾಯಬೇಕು, ಕಂಪನಿಯು ಮುಳುಗಿದರೆ ಅವನ ಗತಿಯೇನು, ಎಂಬೀ ಮೂರೂ ಅವನ ಕೈಯಲ್ಲಿಲ್ಲ.

ಕೊಡಗಿನವರಿಗೆ ವೈಮಾನಿಕರು ಹೊಸಬರಲ್ಲ. ೧೯೬೫ನೆಯ ಸೆಪ್ಟೆಂಬರ್ ೭ರಂದು ಸರ್ಗೋಧಾದ ಮೇಲಿನ ದಾಳಿಗೆ ಹೊರಟು ಹಿಂದಿರುಗದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರನ್ನು ಇಲ್ಲಿನ ಮಕ್ಕಳೂ ಬಲ್ಲರು. ಮಹಾವೀರ ಚಕ್ರವು ಅವರಿಗೆ ಸಂದದ್ದು ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ. ಅದೇ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಸುಪುತ್ರರಾದ ನಂದಾ ಕಾರ್ಯಪ್ಪನವರು ವಿಮಾನವು ಪತನವಾಗಿ ಶತ್ರುವಿನ ಸೆರೆಯಾದರು. ಆದರೆ ಸೇನೆಯ ವೈಮಾನಿಕನಿಗೂ ಕಂಪನಿಯ ವೈಮಾನಿಕನಿಗೂ ಇರುವ ಅಂತರವನ್ನು ನಮ್ಮ ಜನರು ಪೂರ್ಣವಾಗಿ ಗ್ರಹಿಸಿದಂತೆ ಕಾಣುವುದಿಲ್ಲ. ಸೇನೆಯಲ್ಲಿ ಒಡೆಯನು ಒಬ್ಬನೇ. ಅವನು ದಿವಾಳಿಯೆದ್ದು ಹೋಗುವವನಲ್ಲ. ವಿದ್ಯೆಯ ಖರ್ಚು ಅವನದು. ಬಡ್ತಿಯ ಕಟ್ಟಳೆಯು ಎಲ್ಲರಿಗೂ ಗೊತ್ತಿರುವಂಥದು. ಕಂಪನಿಯಲ್ಲಿ ಈ ಮೂರಕ್ಕೂ ತದ್ವಿರುದ್ಧ.

ಖರ್ಚಿನ ಮಾತನ್ನೇ ಮೊದಲು ನೋಡೋಣ. ವಾಣಿಜ್ಯ ಲೈಸೆನ್ಸಿಗೆ ಇನ್ನೂರು ಗಂಟೆಗಳ ಹಾರಾಟವು ಬೇಕು. ಬಳಿಕ ನಿರ್ದಿಷ್ಟ ಜಾತಿಯ ವಿಮಾನವನ್ನು ನಡೆಸುವ ಅರ್ಹತೆಯನ್ನು ಬೇರೆಯಾಗಿ ಸಂಪಾದಿಸಬೇಕು; ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ಕಂಪನಿಗಳೇ ಶಾಲೆಗಳೊಡನೆ ಕೂಡಿ ನಡೆಸುವ ಯೋಜನೆಗಳಲ್ಲಿ ಇವೆಲ್ಲವುಗಳ ವೆಚ್ಚವು ಒಂದು ಕೋಟಿ ರೂಪಾಯಿಗಳ ಆಸುಪಾಸಿಗೆ ಹೋಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯದ ಹೊಸತರಲ್ಲಿಯೇ ಸರಕಾರದ ವಿಮಾನಶಾಲೆಯು ಸ್ಥಾಪಿತವಾಯಿತು. ಅದು ವಿಮಾನಗಳೂ ಬೋಧಕರೂ ಸಾಲದೆ ಆಗಾಗ ನಿಂತು ನಿಂತು ನಡೆದುದು ನಾಡಿಗೆ ಶೋಭೆ ತಂದ ಸಂಗತಿಯಲ್ಲ. ಅದೊಂದು ಸುಸ್ಥಿತಿಯಲ್ಲಿದ್ದಿದ್ದರೆ ಕನ್ನಡನಾಡಿನ ಎಷ್ಟೋ ಮಕ್ಕಳಿಗೆ ಅನ್ಯದೇಶದ ಶಾಲೆಗಳ ಬಾಗಿಲು ಕಾಯುವ ಕೆಲಸ ತಪ್ಪುತ್ತಿತ್ತು.

ಬ್ಯಾಂಕುಗಳು ಏಳೂವರೆ ಲಕ್ಷಕ್ಕೆ ಮೀರಿದ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಆಧಾರವನ್ನು ಕೇಳುತ್ತವೆ. ಕೊಡಗಿನಲ್ಲಿ ಆಸ್ತಿಯೆಂದರೆ ತೋಟ. ತೋಟವು ಜಮ್ಮಾ ಭೂಮಿಯಾಗಿದ್ದರೆ ಪಹಣಿಯಲ್ಲಿ ಒಕ್ಕದ ಹಲವರ ಹೆಸರುಗಳಿರುತ್ತವೆ. ಒಬ್ಬ ಹುಡುಗನ ವಿಮಾನಕ್ಕಾಗಿ ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲರ ಒಪ್ಪಿಗೆಯು ಬೇಕಾಗುತ್ತದೆ. ಅದು ದೊರೆತು ಸಾಲವೂ ಹುಟ್ಟಿದ ಮೇಲೆ ಕಂತು ತಪ್ಪಿದರೆ ಆಗುವುದೇನೆಂಬುದು ಬೆಳೆಗಾರರಿಗೆ ಹೊಸತಾಗಿ ಹೇಳಬೇಕಾದುದಲ್ಲ. ಸಾಲವಸೂಲಿಯ ಸರ್ಫೇಸಿ ಕಾಯಿದೆಯನ್ನು ಹಿಡಿದು ಕಾಫಿ ತೋಟಗಳನ್ನು ಹರಾಜಿಗೆ ತರುವುದರ ವಿರುದ್ಧ ಬೆಳೆಗಾರರ ಸಂಘಗಳು ಇತ್ತೀಚೆಗೆ ಎಷ್ಟು ಸಾರಿ ದನಿಯೆತ್ತಿಲ್ಲ! ಆದುದರಿಂದ ನೇಮಕಪತ್ರಕ್ಕೆ ಸಹಿ ಹಾಕುವಾಗ ತರುಣನ ಕೈಯಲ್ಲಿರುವುದು ಲೇಖನಿಯೊಂದೇ ಅಲ್ಲ, ಒಕ್ಕದ ತೋಟವೂ ಅಲ್ಲಿಯೇ ಇದೆ.

ಹೀಗಿರುವಲ್ಲಿ ಎರಡು ಪತ್ರಗಳನ್ನು ಎದುರಿಗಿಟ್ಟುಕೊಂಡವನು ಮೊದಲು ನೋಡುವುದು ಸಂಬಳದ ಅಂಕೆಯನ್ನು. ಸಾಲದ ಕಂತು ತಲೆಯ ಮೇಲಿರುವವನು ಹಾಗೆ ಮಾಡಿದರೆ ತಪ್ಪೆನ್ನಲಾಗದು. ಆದರೆ ಆ ಅಂಕೆಯಲ್ಲಿಯೂ ಒಂದು ಒಳಗುಟ್ಟುಂಟು. ಹಾರಿದರೂ ಹಾರದಿದ್ದರೂ ಕೊಡುವ ಖಾಯಂ ಮೊತ್ತವೆಷ್ಟು, ಹಾರಿದ ಗಂಟೆಗಳ ಮೇಲೆ ಬರುವುದೆಷ್ಟು, ಎಂಬುದನ್ನು ಬೇರ್ಪಡಿಸದೆ ಓದಿದರೆ ಅಂಕೆಯು ಮೋಸ ಮಾಡುತ್ತದೆ. ೨೦೨೪ರ ಏಪ್ರಿಲಿನಲ್ಲಿ ವಿಸ್ತಾರಾ ಕಂಪನಿಯ ವಿಮಾನಗಳು ದಿನವೂ ಹತ್ತಾರು ಸಂಖ್ಯೆಯಲ್ಲಿ ರದ್ದಾದುದರ ಮೂಲವೇ ಇದು. ಏರ್ ಇಂಡಿಯಾದೊಡನೆ ವಿಲೀನವಾಗುವ ಮುನ್ನ ಬಂದ ಹೊಸ ಕರಾರಿನಲ್ಲಿ ಖಾಯಂ ಸಂಬಳಕ್ಕೆ ಆಧಾರವಾದ ಗಂಟೆಗಳು ಎಪ್ಪತ್ತರಿಂದ ನಲವತ್ತಕ್ಕೆ ಇಳಿದವು. ಹೆಚ್ಚು ಪೆಟ್ಟು ತಗುಲಿದ್ದು ಸಹಚಾಲಕರಿಗೆ, ಎಂದರೆ ಹೊಸಬರಿಗೆ.

ಸಂಬಳಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಅಂಕೆಯುಂಟು. ಅದು ನೇಮಕಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದಿಲ್ಲ. ಕಂಪನಿಯ ಜ್ಯೇಷ್ಠತಾ ಪಟ್ಟಿಯಲ್ಲಿ ಅವನಿಗೆ ದೊರೆಯುವ ಸ್ಥಾನವೇ ಆ ಅಂಕೆ. ಸಹಚಾಲಕನು ನಾಯಕನ ಆಸನಕ್ಕೆ ಯಾವಾಗ ಬರುವನು, ದೊಡ್ಡ ವಿಮಾನಕ್ಕೆ ಯಾವಾಗ ಏರುವನು, ಬೆಂಗಳೂರನ್ನು ನೆಲೆಯಾಗಿ ಕೇಳಿದರೆ ದೊರೆಯುವುದೋ ಇಲ್ಲವೋ, ಹುತ್ತರಿಗೆ ರಜೆ ಸಿಕ್ಕುವುದೋ ಇಲ್ಲವೋ, ಕಡೆಗೆ ಕಂಪನಿಯು ಜನರನ್ನು ಕಡಿಮೆ ಮಾಡುವಾಗ ಮೊದಲು ಯಾರ ಹೆಸರು ಹೊಡೆದುಹೋಗುವುದು, ಇವೆಲ್ಲವೂ ಬಹುಮಟ್ಟಿಗೆ ಆ ಒಂದು ಅಂಕೆಯನ್ನು ಅನುಸರಿಸುತ್ತವೆ. ನಾಯಕನ ಸಂಬಳವು ಸಹಚಾಲಕನದಕ್ಕೆ ಇಮ್ಮಡಿಗೂ ಮಿಗಿಲು. ಆದುದರಿಂದ ಈಗ ತಿಂಗಳಿಗೆ ಇಪ್ಪತ್ತುಸಾವಿರ ಹೆಚ್ಚು ಕೊಡುವ ಕಂಪನಿಗಿಂತ ಎರಡು ವರ್ಷ ಮೊದಲು ನಾಯಕತ್ವವನ್ನು ಕೊಡುವ ಕಂಪನಿಯು ಲೆಕ್ಕದಲ್ಲಿ ಎಷ್ಟೋ ಮೇಲು. ಸರಕಾರಿ ನೌಕರರಾದ ನಮ್ಮ ವಾಚಕರಿಗೆ ಜ್ಯೇಷ್ಠತೆಯ ಮಹಿಮೆಯನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಮಡಿಕೇರಿಯಿಂದ ಬೀದರಿಗೆ ವರ್ಗವಾದ ಗುಮಾಸ್ತನು ತನ್ನ ಜ್ಯೇಷ್ಠತೆಯನ್ನು ಸಾಮಾನ್ಯವಾಗಿ ಜೊತೆಗೆ ಒಯ್ಯುತ್ತಾನೆ. ವೈಮಾನಿಕನು ಕಂಪನಿಯನ್ನು ಬದಲಿಸಿದರೆ ಪಟ್ಟಿಯ ತುದಿಯಿಂದ ಮತ್ತೆ ಆರಂಭಿಸುತ್ತಾನೆ. ಹತ್ತು ವರ್ಷ ಹಾರಿದವನೂ ಹೊಸ ಕಂಪನಿಯಲ್ಲಿ ನಿನ್ನೆ ಬಂದವನಿಗಿಂತ ಕಿರಿಯನು.

ಈ ಅಂಕೆಗಾಗಿ ಎಂತಹ ಹೋರಾಟಗಳು ನಡೆದಿವೆ ಎಂಬುದಕ್ಕೆ ಏರ್ ಇಂಡಿಯಾದ ಚರಿತ್ರೆಯೇ ಸಾಕ್ಷಿ. ೨೦೦೭ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್‌ಗಳನ್ನು ಒಂದುಗೂಡಿಸಲಾಯಿತು. ಕಾಗದದ ಮೇಲೆ ಸಂಸ್ಥೆಗಳು ಒಂದಾದವು. ವೈಮಾನಿಕರ ಎರಡು ಪಟ್ಟಿಗಳು ಒಂದಾಗಲಿಲ್ಲ. ೨೦೧೧ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸಿನ ವೈಮಾನಿಕರು ಸಮಾನ ಸಂಬಳಕ್ಕಾಗಿ ಹತ್ತು ದಿನ ಮುಷ್ಕರ ಹೂಡಿದರು. ಮಾರನೆಯ ವರ್ಷ ಹಳೆಯ ಏರ್ ಇಂಡಿಯಾದ ವೈಮಾನಿಕರ ಸರದಿ. ಹೊಸ ಬೋಯಿಂಗ್ ೭೮೭ ವಿಮಾನದ ಶಿಕ್ಷಣವನ್ನು ಇನ್ನೊಂದು ಪಂಗಡದವರಿಗೆ ಕೊಡಕೂಡದೆಂದು ಅವರು ಐವತ್ತೆಂಟು ದಿನ ಕೆಲಸ ನಿಲ್ಲಿಸಿದರು. ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಸಮಿತಿಯು ಈ ಗಂಟನ್ನು ಬಿಡಿಸಲು ಕೂತಿತು. ಪ್ರಯಾಣಿಕರು ಅವರನ್ನು ಶಪಿಸಿದರು. ನಾವೂ ಆ ಮುಷ್ಕರವನ್ನು ಸಮರ್ಥಿಸುವವರಲ್ಲ. ಆದರೂ ಒಂದು ವಿಮಾನದ ಶಿಕ್ಷಣಕ್ಕಾಗಿ ಸುಶಿಕ್ಷಿತರಾದ ಜನ ಎರಡು ತಿಂಗಳು ನೌಕರಿಯನ್ನೇ ಪಣಕ್ಕಿಟ್ಟರೆಂದರೆ ಪಟ್ಟಿಯ ಸ್ಥಾನವು ಅವರಿಗೆ ಏನಾಗಿತ್ತೆಂಬುದನ್ನು ಊಹಿಸಬಹುದು. ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರನ್ನು ತವರಾಗಿಟ್ಟುಕೊಂಡಿದ್ದ ಹಳೆಯ ಏರ್ ಏಷ್ಯಾ ಇಂಡಿಯಾವು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿಯೂ, ನವೆಂಬರ್ ೧೨ರಂದು ವಿಸ್ತಾರಾವು ಏರ್ ಇಂಡಿಯಾದಲ್ಲಿಯೂ ಲೀನವಾದಾಗ ಇದೇ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಹೊಸಬನು ಸೇರಿದ ಕಂಪನಿಯಲ್ಲಿಯೇ ಕೊನೆಯವರೆಗೆ ಇರುವೆನೆಂದರೂ ಕಂಪನಿಯು ತಾನಾಗಿ ಉಳಿಯುವುದೆಂಬ ಭರವಸೆಯಿಲ್ಲ.

ಲೀನವಾದವುಗಳ ಮಾತು ಹೀಗಾದರೆ ಸತ್ತವುಗಳ ಮಾತು ಇನ್ನೂ ಕಠಿಣ. ಯುದ್ಧ ಮುಗಿದ ಹೊಸದರಲ್ಲಿ ಅಗ್ಗವಾಗಿ ದೊರೆತ ಡಕೋಟಾ ವಿಮಾನಗಳನ್ನು ಕೊಂಡು ದೇಶದಲ್ಲಿ ಎಷ್ಟೋ ಕಂಪನಿಗಳು ಹುಟ್ಟಿಕೊಂಡವು. ಇರುವ ಪ್ರಯಾಣಿಕರಿಗಿಂತ ಕಂಪನಿಗಳೇ ಹೆಚ್ಚಾಗಿ ಎಲ್ಲವೂ ನಷ್ಟಕ್ಕೆ ಬಿದ್ದವು. ನ್ಯಾಯಮೂರ್ತಿ ರಾಜಾಧ್ಯಕ್ಷರ ಸಮಿತಿಯು ೧೯೫೦ರಲ್ಲಿ ಈ ಸ್ಥಿತಿಯನ್ನು ವಿಚಾರಿಸಿತು. ೧೯೫೩ರ ಕಾಯಿದೆಯಿಂದ ಅವೆಲ್ಲವೂ ರಾಷ್ಟ್ರದ ಸ್ವತ್ತಾದವು. ಒಳನಾಡಿಗೆ ಇಂಡಿಯನ್ ಏರ್‌ಲೈನ್ಸ್, ಹೊರನಾಡಿಗೆ ಏರ್ ಇಂಡಿಯಾ. ಅಂದಿನಿಂದ ನಲವತ್ತು ವರ್ಷ ವೈಮಾನಿಕನಿಗೆ ಆರಿಸುವ ಕಷ್ಟವೇ ಇರಲಿಲ್ಲವೆಂದರೂ ಸಲ್ಲುತ್ತದೆ. ೧೯೯೦ರ ದಶಕದಲ್ಲಿ ಬಾಗಿಲು ತೆರೆದಾಗ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಎಂಬ ಹೆಸರುಗಳು ಬಂದವು, ಕೆಲವೇ ವರ್ಷಗಳಲ್ಲಿ ಹೋದವು.

ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಎರಡು ಕಂಪನಿಗಳ ಕಥೆಯು ಕನ್ನಡಿಗರ ಮನಸ್ಸಿನಿಂದ ಮಾಸಿಲ್ಲ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ೨೦೦೩ರಲ್ಲಿ ಹಾರಾಟವನ್ನು ಆರಂಭಿಸಿ ಬಡವನೂ ವಿಮಾನವೇರಬಹುದೆಂದು ತೋರಿಸಿತು. ಅದು ಕಿಂಗ್‌ಫಿಶರಿನ ಕೈಸೇರಿತು. ಕಿಂಗ್‌ಫಿಶರೋ ೨೦೦೫ರಲ್ಲಿ ವೈಭವದಿಂದ ಹೊರಟು, ೨೦೧೨ರ ಅಕ್ಟೋಬರಿನಲ್ಲಿ, ನೌಕರರಿಗೆ ತಿಂಗಳುಗಟ್ಟಲೆ ಸಂಬಳವನ್ನು ಬಾಕಿ ಉಳಿಸಿ, ನೆಲಕಚ್ಚಿತು. ೨೦೦೬ರಲ್ಲಿ ನಿಂತು ನೋಡಿದ್ದವನು ಎರಡರಲ್ಲಿ ಒಂದನ್ನು ಆರಿಸಿಕೊಂಡಿದ್ದರೆ, ಯಾವುದನ್ನು ಆರಿಸಿದ್ದರೂ ಫಲ ಒಂದೇ ಆಗುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ಆಡಂಬರವಿಲ್ಲದೆ ಹೊರಟ ಇಂಡಿಗೋ ಕಂಪನಿಯನ್ನು ಆಗ ಯಾರೂ ಬಹಳವಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾಲು ಶತಮಾನ ಹಾರಿ ಅತ್ಯಂತ ಪ್ರತಿಷ್ಠಿತವೆನಿಸಿದ್ದ ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲ್ ೧೭ರ ರಾತ್ರಿ ಕೊನೆಯ ವಿಮಾನವನ್ನು ಇಳಿಸಿತು. ಅದನ್ನು ಮತ್ತೆ ಎಬ್ಬಿಸುವ ಯತ್ನಗಳು ಮುರಿದು ೨೦೨೪ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಆಸ್ತಿಯನ್ನು ಮಾರಿ ಸಾಲಗಾರರಿಗೆ ಹಂಚಬೇಕೆಂದು ವಿಧಿಸಿತು. ೨೦೨೩ರ ಮೇ ೩ರಂದು ಗೋ ಫಸ್ಟ್ ನಿಂತಿತು. ತನ್ನ ಎಂಜಿನುಗಳು ಕೆಟ್ಟು ವಿಮಾನಗಳು ನೆಲಹಿಡಿದುದೇ ಕಾರಣವೆಂದು ಅದು ಹೇಳಿತು. ವಿಮಾನಗಳಾದರೂ ಅದರವೇ? ಬಾಡಿಗೆಗೆ ತಂದವು. ಒಡೆಯರು ದಿಲ್ಲಿಯ ಹೈಕೋರ್ಟಿಗೆ ಹೋಗಿ ೨೦೨೪ರ ಏಪ್ರಿಲಿನಲ್ಲಿ ಅವುಗಳನ್ನು ಹಿಂದಕ್ಕೆ ಪಡೆಯುವ ಅಪ್ಪಣೆಯನ್ನು ಗಳಿಸಿದರು. ಬಾಡಿಗೆಯವನಿಗೆ ವಿಮಾನವಾದರೂ ಉಳಿಯಿತು. ಆ ವಿಮಾನವನ್ನು ನಡೆಸಿದವನಿಗೆ ಉಳಿದದ್ದು ಬಾಕಿ ಸಂಬಳದ ಅರ್ಜಿ.

ಆದುದರಿಂದ ಕಂಪನಿಯ ಆರೋಗ್ಯವನ್ನು ಅಳೆಯುವುದು ಆಯ್ಕೆಯ ಮುಖ್ಯ ಭಾಗ. ಇದಕ್ಕೆ ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಸಂಬಳವು ಒಂದನೆಯ ತಾರೀಖಿಗೆ ಬರುತ್ತಿದೆಯೇ ಹದಿನೈದನೆಯ ತಾರೀಖಿಗೆ ಜಾರಿದೆಯೇ, ಭವಿಷ್ಯನಿಧಿಯ ಹಣವು ಕಾಲಕ್ಕೆ ಸರಿಯಾಗಿ ಜಮೆಯಾಗುತ್ತಿದೆಯೇ, ಕಂಪನಿಯ ವಿಮಾನಗಳಲ್ಲಿ ಎಷ್ಟು ಹಾರುತ್ತಿವೆ ಎಷ್ಟು ನಿಂತಿವೆ, ಇಷ್ಟನ್ನು ಅಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ತಿಳಿಯುತ್ತದೆ. ಮುಳುಗಿದ ಕಂಪನಿಗಳ ರೋಗಲಕ್ಷಣಗಳು ಮೊದಲು ಕಾಣಿಸಿಕೊಂಡದ್ದು ನೌಕರರ ಮನೆಗಳಲ್ಲಿ. ಪತ್ರಿಕೆಗಳಿಗೆ ಅದು ತಿಳಿದದ್ದು ತಡವಾಗಿ.

ಹಾಗಾದರೆ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಬಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ದೊಡ್ಡದರ ಪಕ್ಷದಲ್ಲಿ ಬಲವಾದ ವಾದಗಳಿವೆ. ಏರ್ ಇಂಡಿಯಾವು ೨೦೨೨ರ ಜನವರಿಯಲ್ಲಿ ಟಾಟಾ ಮನೆತನಕ್ಕೆ ಹಿಂದಿರುಗಿದ ಬಳಿಕ ೨೦೨೩ರ ಫೆಬ್ರವರಿಯಲ್ಲಿ ೪೭೦ ವಿಮಾನಗಳಿಗೆ ಬೇಡಿಕೆಯನ್ನು ಪ್ರಕಟಿಸಿತು. ಅದೇ ಜೂನಿನಲ್ಲಿ ಇಂಡಿಗೋ ೫೦೦ಕ್ಕೆ. ವಿಮಾನಗಳು ಹೆಚ್ಚಿದಷ್ಟೂ ನಾಯಕರು ಬೇಕು, ಪಟ್ಟಿಯು ಬೇಗ ಮೇಲಕ್ಕೆ ಸರಿಯುತ್ತದೆ. ಆದರೆ ಬೇಡಿಕೆಯ ವಿಮಾನ ಬೇರೆ, ಬಂದಿಳಿದ ವಿಮಾನ ಬೇರೆ. ೨೦೨೨ರ ಆಗಸ್ಟಿನಲ್ಲಿ ಹಾರಾಟಕ್ಕಿಳಿದ ಆಕಾಸಾ ಕಂಪನಿಯು ಬೋಯಿಂಗ್ ವಿಮಾನಗಳನ್ನೇ ನಂಬಿ ವೈಮಾನಿಕರನ್ನು ನೇಮಿಸಿಕೊಂಡಿತು. ೨೦೨೪ರ ಶರತ್ಕಾಲದಲ್ಲಿ ಅಮೆರಿಕದ ಬೋಯಿಂಗ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಮೊದಲೇ ತಡವಾಗಿದ್ದ ವಿಮಾನಗಳು ಇನ್ನೂ ತಡವಾದವು; ಆಕಾಸಾದ ಹೊಸ ವೈಮಾನಿಕರಲ್ಲಿ ಅನೇಕರು ಹಾರಲು ವಿಮಾನವಿಲ್ಲದೆ ಕುಳಿತರು. ಹಾರದೆ ಕುಳಿತವನಿಗೆ ಬರಿಯ ಹಣದ ನಷ್ಟವಲ್ಲ. ನಾಯಕನಾಗಲು ಬೇಕಾದ ಮೇಲ್ದರ್ಜೆಯ ಲೈಸೆನ್ಸಿಗೆ ೧೫೦೦ ಗಂಟೆಗಳ ಹಾರಾಟ ಅವಶ್ಯ. ವರ್ಷಕ್ಕೆ ೧೦೦೦ ಗಂಟೆಗಳಿಗೆ ಮೀರಿ ಯಾರೂ ಹಾರಕೂಡದೆಂಬ ನಿಯಮವಿದೆ. ಕ್ರಮವಾಗಿ ಹಾರುವವನು ಎರಡು ಮೂರು ವರ್ಷಗಳಲ್ಲಿ ಆ ಮೊತ್ತವನ್ನು ಕೂಡಿಸಿಕೊಂಡಾನು. ಕುಳಿತವನ ದಿನಚರಿಯಲ್ಲಿ ಗಂಟೆಗಳು ತಾವಾಗಿ ಬೆಳೆಯುವುದಿಲ್ಲ.

ವಿಮಾನದ ಜಾತಿಯನ್ನೂ ನೋಡಬೇಕು. ಏರ್‌ಬಸ್ ೩೨೦ರ ಅರ್ಹತೆಯುಳ್ಳವನಿಗೆ ನಾಡಿನಲ್ಲಿ ಎರಡು ಮೂರು ಬಾಗಿಲುಗಳಿವೆ. ಬೋಯಿಂಗ್ ೭೩೭ರವನಿಗೂ ಅಷ್ಟೇ. ಚಿಕ್ಕ ಊರುಗಳಿಗೆ ಹೋಗುವ ಎ.ಟಿ.ಆರ್. ವಿಮಾನವನ್ನು ಕಂಡರೆ ಹೊಸಬರಿಗೆ ತಾತ್ಸಾರ. ಪಂಕಗಳು ತಿರುಗುವ ಹಳೆಯ ಕಾಲದ ಯಂತ್ರವೆಂದು ಅವರ ಭಾವನೆ. ನಮಗೆ ಹಾಗೆ ತೋರುವುದಿಲ್ಲ. ಅದರಲ್ಲಿ ನಾಯಕತ್ವವು ಬೇಗ ಬರುವುದುಂಟು. ಮಲೆನಾಡಿನ ಮಳೆ ಮೋಡಗಳಲ್ಲಿ ಚಿಕ್ಕ ಓಟದ ಹಾದಿಗೆ ಇಳಿಸುವ ಅಭ್ಯಾಸವು ಯಾವ ಶಾಲೆಯಲ್ಲಿಯೂ ದೊರೆಯದ ವಿದ್ಯೆ. ಬೆಂಗಳೂರಿನ ಸ್ಟಾರ್ ಏರ್ ನಡೆಸುವ ಎಂಬ್ರೇಯರ್ ವಿಮಾನವು ಉತ್ತಮವಾದುದಾದರೂ ದೇಶದಲ್ಲಿ ಅದನ್ನು ನಡೆಸುವವರು ಬಹಳ ಕಡಿಮೆ. ಅಲ್ಲಿಂದ ಹೊರಟವನು ಬೇರೆ ಜಾತಿಯ ಅರ್ಹತೆಗೆ ಮತ್ತೆ ಹಣ ಸುರಿಯಬೇಕಾದೀತು.

ದೊಡ್ಡ ಕಂಪನಿಯು ವೈಮಾನಿಕನ ನಿದ್ದೆಯನ್ನು ಎಷ್ಟರಮಟ್ಟಿಗೆ ಗೌರವಿಸುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಇದು ೨೦೨೫ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ತಿಳಿಯಿತು. ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮಗಳು ಬಹಳ ಹಿಂದೆಯೇ ಗೊತ್ತಾಗಿದ್ದವು. ೨೦೨೪ರ ಜೂನಿನಲ್ಲಿ ಬರಬೇಕಾಗಿದ್ದ ಅವು ಮುಂದೂಡಲ್ಪಟ್ಟು, ೨೦೨೫ರ ಜುಲೈ ಮತ್ತು ನವೆಂಬರ್‌ಗಳಲ್ಲಿ ಎರಡು ಕಂತುಗಳಾಗಿ ಜಾರಿಗೆ ಬಂದವು. ಇಂಡಿಗೋ ಅದಕ್ಕೆ ತಕ್ಕಷ್ಟು ವೈಮಾನಿಕರನ್ನು ಸಿದ್ಧಪಡಿಸಿಕೊಂಡಿರಲಿಲ್ಲ. ಡಿಸೆಂಬರ್ ೩ರಿಂದ ೫ರವರೆಗಿನ ಮೂರು ದಿನಗಳಲ್ಲಿಯೇ ಎರಡೂವರೆ ಸಾವಿರ ವಿಮಾನಗಳು ರದ್ದಾಗಿ ಲಕ್ಷಾಂತರ ಜನ ನಿಲ್ದಾಣಗಳಲ್ಲಿ ಕುಳಿತರು. ಸರಕಾರವು ಮಾಡಿದ್ದೇನು? ನಿಯಮವನ್ನು ಪಾಲಿಸದ ಕಂಪನಿಗೆ ಫೆಬ್ರವರಿ ೧೦ರವರೆಗೆ ರಾತ್ರಿಯ ಕಟ್ಟಳೆಗಳಿಂದ ವಿನಾಯಿತಿಯನ್ನಿತ್ತಿತು. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಒಂದೇ ಕಂಪನಿಯು ಒಯ್ಯುತ್ತಿರುವಾಗ ಅದನ್ನು ನಿಲ್ಲಿಸುವ ಧೈರ್ಯ ಯಾರಿಗಿದ್ದೀತು? ಉಳಿದವರಲ್ಲಿ ನೂರಕ್ಕೆ ಇಪ್ಪತ್ತೈದಕ್ಕೂ ಮಿಕ್ಕ ಪಾಲು ಟಾಟಾ ಕಂಪನಿಗಳದು. ಎರಡು ಮನೆಗಳ ನಡುವೆ ಹತ್ತರಲ್ಲಿ ಒಂಬತ್ತು ಭಾಗ ಹಂಚಿಹೋಗಿದೆ. ಇದನ್ನು ಸ್ಪರ್ಧೆಯೆಂದು ಕರೆಯುವುದಾದರೆ ಕರೆಯಬಹುದು.

ಇಷ್ಟು ಕಿರಿದಾದ ಆಯ್ಕೆಯನ್ನು ಇನ್ನೂ ಕಿರಿದು ಮಾಡುವುದು ಬಾಂಡು ಮತ್ತು ನೋಟೀಸು. ಟೈಪ್ ರೇಟಿಂಗಿನ ಖರ್ಚನ್ನು ಕಂಪನಿಯು ಭರಿಸಿದರೆ ಇಂತಿಷ್ಟು ವರ್ಷ ಬಿಟ್ಟುಹೋಗಕೂಡದು, ಹೋದರೆ ಇಂತಿಷ್ಟು ಲಕ್ಷ ತೆರಬೇಕೆಂದು ಬರೆಸಿಕೊಳ್ಳುತ್ತದೆ. ಕೆಲವೆಡೆ ಖರ್ಚು ಹುಡುಗನದೇ ಆಗಿದ್ದರೂ ಬಾಂಡು ತಪ್ಪುವುದಿಲ್ಲ. ಇಂಥ ಬಾಂಡುಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂದು ಹಲವರು ಧೈರ್ಯ ಹೇಳುತ್ತಾರೆ. ಅದನ್ನು ನಂಬತಕ್ಕದ್ದಲ್ಲ. ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟ ನೌಕರನು ಎರಡು ಲಕ್ಷ ತೆರಬೇಕೆಂಬ ಕರಾರನ್ನು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ವೈಮಾನಿಕನ ಬಾಂಡಿನ ಮೊತ್ತವು ಅದಕ್ಕಿಂತ ಎಷ್ಟೋ ಪಟ್ಟು. ಅದು ನ್ಯಾಯವಾದ ನಷ್ಟಪರಿಹಾರವೋ ಶಿಕ್ಷೆಯೋ ಎಂಬ ವಾದಕ್ಕೆ ಅಲ್ಲಿ ಅವಕಾಶವುಂಟು. ಆದರೆ ವಾದಿಸಲು ವಕೀಲನೂ ಬೇಕು, ವರ್ಷಗಳೂ ಬೇಕು.

ನೋಟೀಸಿನ ವಿಷಯ ಇದಕ್ಕಿಂತ ಗಂಭೀರವಾದುದು. ಏಕೆಂದರೆ ಅದು ಕಂಪನಿಯ ಕರಾರಲ್ಲ, ಸರಕಾರದ ಕಟ್ಟಳೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ೨೦೧೭ರಲ್ಲಿ ಗೊತ್ತುಮಾಡಿದಂತೆ ನಾಯಕನು ನೌಕರಿಯನ್ನು ಬಿಡಲು ಒಂದು ವರ್ಷದ ಮುನ್ಸೂಚನೆ ಕೊಡಬೇಕು, ಸಹಚಾಲಕನು ಆರು ತಿಂಗಳದು. ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬುದು ಇದರ ಉದ್ದೇಶ. ಉದ್ದೇಶವು ಮಿಥ್ಯೆಯಲ್ಲ. ೨೦೨೩ರಲ್ಲಿ ನಲವತ್ತಮೂರು ವೈಮಾನಿಕರು ಮುನ್ಸೂಚನೆಯಿಲ್ಲದೆ ಬಿಟ್ಟುಹೋದಾಗ ಆಕಾಸಾವು ನೂರಾರು ವಿಮಾನಗಳನ್ನು ರದ್ದುಪಡಿಸಿ ಕೋರ್ಟಿನ ಮೆಟ್ಟಲೇರಬೇಕಾಯಿತು. ಎಳೆಯ ಕಂಪನಿಯೊಂದನ್ನು ಹಾಗೆ ನಡುನೀರಿನಲ್ಲಿ ಬಿಡುವುದನ್ನು ನಾವು ಮೆಚ್ಚಲಾರೆವು.

ಆದರೆ ಈ ಧರ್ಮವು ಒಂದೇ ಪಕ್ಷಕ್ಕೆ ಏಕೆ? ಜೆಟ್ ಕಂಪನಿಯು ಒಂದು ರಾತ್ರಿಯಲ್ಲಿ ನಿಂತಾಗ ಅದರ ವೈಮಾನಿಕರಿಗೆ ಯಾರು ವರ್ಷದ ಮುನ್ಸೂಚನೆ ಕೊಟ್ಟರು? ೨೦೨೦ರ ಜುಲೈಯಲ್ಲಿ, ಸಾಂಕ್ರಾಮಿಕದ ಸಂಕಟಕಾಲದಲ್ಲಿ, ಇಂಡಿಗೋ ತನ್ನ ನೌಕರರಲ್ಲಿ ಹತ್ತರಲ್ಲಿ ಒಬ್ಬನನ್ನು ತೆಗೆಯುವೆನೆಂದು ಸಾರಿತು. ೨೦೨೨ರ ಸೆಪ್ಟೆಂಬರಿನಲ್ಲಿ ಸ್ಪೈಸ್‌ಜೆಟ್ ಎಂಬತ್ತು ಮಂದಿ ವೈಮಾನಿಕರನ್ನು ಮೂರು ತಿಂಗಳು ಸಂಬಳವಿಲ್ಲದ ರಜೆಯ ಮೇಲೆ ಮನೆಗೆ ಕಳಿಸಿತು. ನಷ್ಟದ ಕಾಲದಲ್ಲಿ ಕಂಪನಿಗೆ ಕೈ ಬಿಡಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಲಾಭದ

ಕಾಲದಲ್ಲಿ ವೈಮಾನಿಕನಿಗೆ ಕಾಲು ಬಿಡಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಇದು ಸಮಾನರ ನಡುವಣ ಕರಾರೆನಿಸದು. ಸಾಲದೆಂಬಂತೆ, ತರಬೇತಾದ ಜನರನ್ನು ವಿದೇಶದ ಕಂಪನಿಗಳು ಸೆಳೆದುಕೊಳ್ಳುವುದಕ್ಕೆ ಒಂದು ನಡವಳಿಕೆಯ ಸಂಹಿತೆ ಬೇಕೆಂದು ಭಾರತವು ೨೦೨೫ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆ ಕೇಳಿಕೊಂಡಿತು. ಮನೆಯಲ್ಲಿ ಮಕ್ಕಳು ನಿಲ್ಲುವಂತೆ ಮಾಡುವುದಕ್ಕೆ ನೆರೆಮನೆಯ ಬಾಗಿಲಿಗೆ ಬೀಗ ಹಾಕಿಸುವುದೊಂದೇ ಉಪಾಯವೇ?

ಸರಕಾರವು ಮಾಡತಕ್ಕದ್ದು ಕಷ್ಟಸಾಧ್ಯವಾದುದೇನೂ ಅಲ್ಲ. ಸಂಬಳವು ಒಂದು ತಿಂಗಳಿಗೆ ಮಿಕ್ಕು ಬಾಕಿಯಾದರೆ ಆ ಕ್ಷಣದಿಂದ ನೋಟೀಸೂ ಬಾಂಡೂ ತಾವಾಗಿ ಬಿದ್ದುಹೋಗಬೇಕು. ಸೇವೆಯು ಬೆಳೆದಂತೆ ಬಾಂಡಿನ ಮೊತ್ತವು ತಿಂಗಳು ತಿಂಗಳಿಗೆ ಇಳಿಯಬೇಕು; ನಿಜವಾಗಿ ಆದ ಖರ್ಚಿಗೆ ಅದು ಮೀರಕೂಡದು. ಹೊಸ ಕಂಪನಿಗೆ ಅನುಮತಿ ಕೊಡುವಾಗ ಕೆಲವು ತಿಂಗಳ ಸಂಬಳದ ಮೊತ್ತವನ್ನು ಠೇವಣಿಯಾಗಿ ಇಡಿಸಿಕೊಳ್ಳಬೇಕು. ವಿಲೀನಗಳಲ್ಲಿ ಜ್ಯೇಷ್ಠತೆಯನ್ನು ಕೂಡಿಸುವ ಸೂತ್ರವನ್ನು ಮೊದಲೇ ಗೊತ್ತುಮಾಡಿಡುವುದೂ ಅವಶ್ಯ. ಸೇರಿದ ತಾರೀಖೋ ನಾಯಕನಾದ ತಾರೀಖೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಸೇರಿದ ತಾರೀಖೇ ನ್ಯಾಯವೆಂದು ನಮಗೆ ತೋರುತ್ತದೆ. ಬೇಗ ಬೆಳೆದ ಕಂಪನಿಯ ಅದೃಷ್ಟವು ನಿಧಾನವಾಗಿ ಬೆಳೆದ ಕಂಪನಿಯವನ ವರ್ಷಗಳನ್ನು ನುಂಗಬಾರದು. ಹಳೆಯ ೧೯೩೪ರ ಕಾಯಿದೆಯನ್ನು ತೆಗೆದು ೨೦೨೫ರ ಜನವರಿ ೧ರಿಂದ ಭಾರತೀಯ ವಾಯುಯಾನ ಅಧಿನಿಯಮವನ್ನು ಜಾರಿಗೆ ತಂದವರಿಗೆ ಇದಕ್ಕಾಗಿ ಒಂದು ನಿಯಮವನ್ನು ಬರೆಯುವುದು ಭಾರವಾಗಲಾರದು. ಅದೇ ೨೦೨೫ರಲ್ಲಿ ವಿಮಾನಗಳ ಒಡೆಯರ ಹಿತವನ್ನು ಕಾಯಲು ಪ್ರತ್ಯೇಕವಾದ ಕಾಯಿದೆಯೇ ಆಯಿತಲ್ಲ!

ಅಲ್ಲಿಯವರೆಗೆ ಪೊನ್ನಂಪೇಟೆಯ ತರುಣನಾಗಲಿ ತರುಣಿಯಾಗಲಿ ಏನು ಮಾಡಬೇಕು? (ತರುಣಿಯರನ್ನು ಶಿಷ್ಟಾಚಾರಕ್ಕಾಗಿ ಸೇರಿಸಿಲ್ಲ, ನಮ್ಮ ದೇಶದ ವೈಮಾನಿಕರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಸ್ತ್ರೀಯರು, ಜಗತ್ತಿನ ಸರಾಸರಿಗೆ ಇದು ಬಹುಪಾಲು ಮಿಗಿಲು.) ಎರಡೂ ಪತ್ರಗಳಿದ್ದಲ್ಲಿ, ವಿಮಾನಗಳು ನಿಜವಾಗಿ ಬಂದಿಳಿಯುತ್ತಿರುವ, ಸಂಬಳವನ್ನು ಒಂದು ತಿಂಗಳೂ ತಪ್ಪಿಸದ ಕಂಪನಿಯನ್ನು, ಸಂಬಳವು ಸ್ವಲ್ಪ ಕಡಿಮೆಯಾದರೂ, ಹಿಡಿಯುವುದು ಮೇಲೆಂದು ನಮ್ಮ ಅಭಿಪ್ರಾಯ. ಮೊದಲ ೧೫೦೦ ಗಂಟೆಗಳು ತುಂಬುವವರೆಗೆ ಬೇರೆ ಯಾವ ಆಮಿಷವನ್ನೂ ಲೆಕ್ಕಿಸಬೇಕಿಲ್ಲ. ಪತ್ರಕ್ಕೆ ಉತ್ತರ ಕೊಡುವ ಮುನ್ನ ಬಾಂಡಿನ ಕಾಗದವನ್ನು ವಿರಾಜಪೇಟೆಯಲ್ಲಿಯೋ ಮಡಿಕೇರಿಯಲ್ಲಿಯೋ ಒಬ್ಬ ವಕೀಲರಿಗೆ ತೋರಿಸಬೇಕು. ತೋಟದ ಆಧಾರಕ್ಕೆ ಸಹಿ ಹಾಕಿದ ಹಿರಿಯರೂ ಆಗ ಜೊತೆಗಿದ್ದು ಕೇಳುವುದು ಲೇಸು.

೨೦೨೫ರ ಡಿಸೆಂಬರಿನ ಗೊಂದಲದ ಬಳಿಕ ಕೇಂದ್ರ ಸರಕಾರವು ಅಲ್ ಹಿಂದ್ ಏರ್, ಫ್ಲೈ ಎಕ್ಸ್‌ಪ್ರೆಸ್ ಮೊದಲಾದ ಹೊಸ ಕಂಪನಿಗಳಿಗೆ ನಿರಾಕ್ಷೇಪಣಾ ಪತ್ರಗಳನ್ನಿತ್ತಿತು. ಎರಡು ಮನೆಗಳ ನಡುವೆ ಮೂರನೆಯದೊಂದು ಏಳುವುದಾದರೆ ಸಂತೋಷವೇ. ಇಂಥ ಹೊಸ ಕಂಪನಿಗಳು ಲೈಸೆನ್ಸು ಹಿಡಿದು ಕಾಯುತ್ತಿರುವ ಮಕ್ಕಳನ್ನೇ ಮೊದಲು ಹುಡುಕಿಕೊಂಡು ಬರುತ್ತವೆ. ಅವುಗಳ ಪ್ರತಿನಿಧಿಗಳು ಬಂದಾಗ ಮನೆಯ ಹಿರಿಯರು ಕೇಳಬೇಕಾದುದು ಇಷ್ಟು: ಸಂಬಳವು ಹುಡುಗನು ಸೇರಿದ ದಿನದಿಂದಲೋ, ವಿಮಾನವು ಬಂದ ದಿನದಿಂದಲೋ? ಅದನ್ನು ಕಾಗದದ ಮೇಲೆ ಬರೆದುಕೊಡುತ್ತೀರಾ?